ಏರಿಗೆ ಎಷ್ಟು ಗೇರು?

ಸೈಕಲ್ ಕೊಳ್ಳಲು ಅಂಗಡಿಗೆ ಹೋದವರು ಬಣ್ಣ ನೋಡಿದ ಮೇಲೆ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಗೇರು ಉಂಟು?’ ಅಂಗಡಿಯವರೂ ಅಷ್ಟೇ ಸಲೀಸಾಗಿ ಹೇಳುತ್ತಾರೆ: ಇದರಲ್ಲಿ ಏಳು, ಅದರಲ್ಲಿ ಹದಿನೆಂಟು, ಮೇಲೆ ನೇತುಹಾಕಿದ್ದರಲ್ಲಿ ಇಪ್ಪತ್ತೊಂದು. ಬೆಲೆಯೂ ಆ ಸಂಖ್ಯೆಯ ಜೊತೆಗೇ ಏರುತ್ತದೆ. ಮಗ ಇಪ್ಪತ್ತೊಂದರ ಕಡೆಗೆ ಕೈ ತೋರಿಸುತ್ತಾನೆ, ಅಪ್ಪ ಗೇರಿಲ್ಲದ್ದರ ಬೆಲೆ ವಿಚಾರಿಸುತ್ತಾರೆ, ಕೊನೆಗೆ ಇಬ್ಬರೂ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗುತ್ತಾರೆ. ಆ ಸೈಕಲ್ ನಾಳೆಯಿಂದ ಯಾವ ದಾರಿಯಲ್ಲಿ ಓಡಾಡಬೇಕು, ಆ ದಾರಿಯಲ್ಲಿ ಏರು ಎಷ್ಟು, ಕ್ಯಾರಿಯರಿನ ಮೇಲೆ ಕೂರುವುದು ಪುಸ್ತಕದ ಚೀಲವೋ ಅಕ್ಕಿಯ ಚೀಲವೋ ಎಂಬ ಮಾತು ಆ ಹೊತ್ತಿನಲ್ಲಿ ಬರುವುದೇ ಇಲ್ಲ. ದಿನಬಳಕೆಯ ಸೈಕಲ್ಲಿಗೆ ಎಷ್ಟು ಗೇರು ಬೇಕು ಎಂಬ ಲೆಕ್ಕ ಮನೆಯ ಮುಂದಿನ ರಸ್ತೆಯಿಂದ ಶುರುವಾಗಬೇಕು ಎಂದು ನಾನು ನಂಬಿದ್ದೇನೆ.

ನಾನು ಉಡುಪಿಯವನು. ಈ ಲೆಕ್ಕ ಕಲಿಯಲು ನಮ್ಮೂರಿನ ರಸ್ತೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಪಶ್ಚಿಮಕ್ಕೆ ಮಲ್ಪೆಯ ಬಂದರು, ಪೂರ್ವಕ್ಕೆ ಗುಡ್ಡದ ಮೇಲಿನ ಮಣಿಪಾಲ, ನಡುವೆ ಉಡುಪಿ. ಒಂದು ತುದಿಯಿಂದ ಇನ್ನೊಂದಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ಮಲ್ಪೆಯಿಂದ ಹೊರಟು ಕಲ್ಮಾಡಿ, ಆದಿಉಡುಪಿ ದಾಟುವವರೆಗೆ ಕಾಲಿಗೆ ಕೆಲಸವೇ ಇಲ್ಲ. ಕಲ್ಸಂಕ, ಕಡಿಯಾಳಿ, ಕುಂಜಿಬೆಟ್ಟು ಎಂದು ಹೋಗುವಾಗ ರಸ್ತೆ ಅಲ್ಲಲ್ಲಿ ಸ್ವಲ್ಪ ತಲೆ ಎತ್ತುತ್ತದೆ. ಇಂದ್ರಾಳಿಯ ರೈಲ್ವೆ ಸೇತುವೆ ಹಿಂದಾದ ಮೇಲೆ ನಿಜವಾದ ಏರು ಶುರು. ಲಕ್ಷ್ಮೀಂದ್ರ ನಗರ ಕಳೆದು ಮಣಿಪಾಲದ ಟೈಗರ್ ಸರ್ಕಲ್ ಮುಟ್ಟುವಷ್ಟರಲ್ಲಿ ಬೆನ್ನು ಒದ್ದೆ. ಅಲ್ಲಿಂದ ಪರ್ಕಳದ ಕಡೆಗೆ ಹೊರಟರೆ ಇಳಿಜಾರು, ಮರಳುವಾಗ ಅದೇ ಏರು. ಹೀಗೆ ಸಮತಟ್ಟು, ಸಣ್ಣ ಏರು, ದೊಡ್ಡ ಏರು, ಇಳಿಜಾರು ಎಲ್ಲವೂ ಒಂದೇ ದಾರಿಯಲ್ಲಿ, ಒಂದು ಗಂಟೆಯೊಳಗೆ ಸಿಗುತ್ತವೆ.

ನಾನು ಚಿಕ್ಕವನಿದ್ದಾಗ ಈ ದಾರಿಯುದ್ದಕ್ಕೂ ಮೀನಿನ ಸೈಕಲ್ಲುಗಳು ಓಡುತ್ತಿದ್ದವು. ಕಪ್ಪು ಬಣ್ಣದ ದೊಡ್ಡ ಸೈಕಲ್, ಅಗಲ ಕ್ಯಾರಿಯರ್, ಅದರ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮಂಜುಗಡ್ಡೆ ಹಾಕಿದ ಬಂಗುಡೆ, ಬೂತಾಯಿ, ಹ್ಯಾಂಡಲಿಗೆ ಕಟ್ಟಿದ ರಬ್ಬರಿನ ಹಾರ್ನು. ಪೋಂ ಪೋಂ ಎಂದು ಕೇಳಿದರೆ ಸಾಕು, ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುತ್ತಿದ್ದರು. ಬಂದರಿನಿಂದ ಪೇಟೆಯವರೆಗೆ ಆ ಸವಾರರ ವೇಗ ನೋಡಬೇಕಿತ್ತು. ಆದರೆ ಇಂದ್ರಾಳಿಯ ಏರಿನ ಬುಡಕ್ಕೆ ಬಂದಾಗ ಅವರೆಲ್ಲ ಇಳಿಯುತ್ತಿದ್ದರು. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಕೈ ಬುಟ್ಟಿಗೆ ಕೊಟ್ಟು, ಮೈಯನ್ನು ಮುಂದಕ್ಕೆ ಬಾಗಿಸಿ, ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದರು. ನಮ್ಮೂರಲ್ಲಿ ಅವರಷ್ಟು ಗಟ್ಟಿಯ ಕಾಲು ಇನ್ಯಾರಿಗೂ ಇರಲಿಲ್ಲ. ಇಲ್ಲದಿದ್ದದ್ದು ಸೈಕಲ್ಲಿನಲ್ಲಿ, ಆ ಏರಿಗೆ ತಕ್ಕ ಹಲ್ಲಿನ ಲೆಕ್ಕ.

ಆ ಲೆಕ್ಕ ಯಾರು ಬೇಕಾದರೂ ಮಾಡಬಹುದಾದಷ್ಟು ಸರಳ. ಪೆಡಲಿಗೆ ಅಂಟಿದ ದೊಡ್ಡ ಚಕ್ರದ ಹಲ್ಲು ಎಣಿಸಿ, ಹಿಂಗಾಲಿಯ ಫ್ರೀವ್ಹೀಲಿನ ಹಲ್ಲು ಎಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಕಪ್ಪು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 44, ಹಿಂದೆ 18. ಅಂದರೆ ಪೆಡಲು ಒಂದು ಸುತ್ತು ತಿರುಗಿದರೆ ಹಿಂಗಾಲಿ ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗುತ್ತದೆ. 28 ಇಂಚಿನ ಆ ಗಾಲಿಯ ಸುತ್ತಳತೆ ಸುಮಾರು ಎರಡೂಕಾಲು ಮೀಟರ್. ಹಾಗಾಗಿ ಒಂದು ತುಳಿತಕ್ಕೆ ಸೈಕಲ್ ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಇಂಗ್ಲೆಂಡಿನವರು ಇದನ್ನು ಇನ್ನೊಂದು ರೀತಿ ಅಳೆಯುತ್ತಿದ್ದರು. ಚೈನು ಬರುವ ಮೊದಲು ಪೆಡಲು ನೇರವಾಗಿ ಮುಂದಿನ ದೊಡ್ಡ ಗಾಲಿಗೇ ಅಂಟಿರುತ್ತಿತ್ತು. ಗಾಲಿ ದೊಡ್ಡದಾದಷ್ಟೂ ವೇಗ ಹೆಚ್ಚು, ಆದರೆ ಸವಾರನ ಕಾಲು ಎಟಕುವಷ್ಟೇ ದೊಡ್ಡದು ಮಾಡಬಹುದಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ರೋವರ್ ಸೈಕಲ್ ತಂದು, ಹಿಂದಿನ ಗಾಲಿಗೆ ಚೈನು ಹಾಕಿ ಈ ಕಟ್ಟು ಬಿಡಿಸಿದ. ಆದರೂ ಹಳೆಯ ಅಳತೆ ಉಳಿಯಿತು. ಆ ಅಳತೆಯಲ್ಲಿ ನಮ್ಮ ಕಪ್ಪು ಸೈಕಲ್ 68 ಇಂಚಿನದು. ಐದು ಅಡಿ ಎಂಟು ಇಂಚು ವ್ಯಾಸದ ಒಂದು ಗಾಲಿಗೆ ನೇರ ಪೆಡಲು ಹಾಕಿಕೊಂಡು, ಅದನ್ನೇ ಗುಡ್ಡದ ಮೇಲೂ ತುಳಿದಂತಾಯಿತು.

ಸಮತಟ್ಟಿನಲ್ಲಿ ಈ ಒಂದು ಗೇರಿನಷ್ಟು ಹಿತವಾದದ್ದು ಇನ್ನೊಂದಿಲ್ಲ. ಸರಾಗವಾಗಿ ಹೋಗುವ ಮನುಷ್ಯ ನಿಮಿಷಕ್ಕೆ ಐವತ್ತರಿಂದ ಅರವತ್ತು ಸಲ ಪೆಡಲು ತಿರುಗಿಸುತ್ತಾನೆ. ಐದೂವರೆ ಮೀಟರಿನ ಲೆಕ್ಕದಲ್ಲಿ ಅದು ಗಂಟೆಗೆ 16ರಿಂದ 20 ಕಿಲೋಮೀಟರ್. ಪೇಟೆಗೂ ಶಾಲೆಗೂ ಗದ್ದೆಗೂ ಅಷ್ಟು ವೇಗ ಧಾರಾಳ. ಸ್ವಾತಂತ್ರ್ಯ ಬಂದ ಮೇಲೆ ಅಂಬತ್ತೂರಿನ ಟಿಐ, ಸೋನಿಪತ್‌ನ ಅಟ್ಲಾಸ್, ಲೂಧಿಯಾನದ ಹೀರೋ ಕಾರ್ಖಾನೆಗಳು ಒಂದಾದ ಮೇಲೊಂದು ಹುಟ್ಟಿಕೊಂಡು ಈ ದೇಶದ ಹಳ್ಳಿಹಳ್ಳಿಗೆ ತಲುಪಿಸಿದ್ದು ಇಂಗ್ಲಿಷ್ ರೋಡ್‌ಸ್ಟರ್ ಮಾದರಿಯ ಇದೇ ಸೈಕಲ್ಲನ್ನು. ಗಂಗಾ ಬಯಲಿಗೂ, ತಂಜಾವೂರಿನ ಗದ್ದೆಬದಿಗೂ, ನಮ್ಮ ರಾಯಚೂರು ವಿಜಯಪುರದ ಎರೆಭೂಮಿಗೂ ಅದು ಚೆನ್ನಾಗಿ ಒಗ್ಗಿತು. ಬಿಡಿಸಿ ಜೋಡಿಸಲು ಎರಡು ಸ್ಪ್ಯಾನರ್ ಸಾಕು, ಕೆಡುವುದು ಅಪರೂಪ, ಕೆಟ್ಟರೆ ಯಾವ ಊರಲ್ಲೂ ರಿಪೇರಿ. ಬಯಲುಸೀಮೆಯಲ್ಲಿ ನನ್ನ ಬಂಧುಗಳು ಯಾರಾದರೂ ‘ನಮಗೆ ಗೇರ್ ಬೇಕಾ?’ ಎಂದು ಕೇಳಿದರೆ ನಾನು ಬೇಡವೆಂದೇ ಹೇಳುತ್ತೇನೆ.

ಆದರೆ ಏರು ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ನೂರು ಮೀಟರ್ ಹೋದರೆ ಆರು ಮೀಟರ್ ಎತ್ತರಕ್ಕೆ ಏರುವ ಒಂದು ದಿಬ್ಬ ಇದೆ ಎಂದಿಟ್ಟುಕೊಳ್ಳೋಣ. ಸವಾರ 60 ಕಿಲೋ, ಸೈಕಲ್ 20 ಕಿಲೋ, ಚೀಲ 5 ಕಿಲೋ, ಒಟ್ಟು 85. ಇದರ ನೂರಕ್ಕೆ ಆರು ಭಾಗ, ಅಂದರೆ ಐದು ಕಿಲೋಗ್ರಾಮಿನಷ್ಟು ಭಾರ ಹಿಂದಕ್ಕೆ ಎಳೆಯುತ್ತದೆ. ಟಯರು ಉರುಳುವ ತಡೆಯನ್ನೂ ಸೇರಿಸಿದರೆ ಆರರ ಹತ್ತಿರ. ಗಾಲಿ ಐದೂವರೆ ಮೀಟರ್ ಹೋಗುವಾಗ ಪಾದ ಸುತ್ತುವುದು ಒಂದು ಮೀಟರಿಗೆ ಚೂರು ಜಾಸ್ತಿ ಅಷ್ಟೇ. ಆದ್ದರಿಂದ ಪೆಡಲಿನ ಮೇಲೆ ಸರಾಸರಿ ಮೂವತ್ತು ಕಿಲೋಗ್ರಾಮಿನ ಒತ್ತಡ ಬೀಳಬೇಕು. ಪೆಡಲು ಮೇಲೆ ಅಥವಾ ಕೆಳಗೆ ಇರುವಾಗ ಎಷ್ಟು ಒತ್ತಿದರೂ ಉಪಯೋಗವಿಲ್ಲ, ನಡುವೆ ಇಳಿಯುವಾಗ ಮಾತ್ರ ಒತ್ತಡ ಕೆಲಸ ಮಾಡುತ್ತದೆ. ಹಾಗಾಗಿ ಆ ಗಳಿಗೆಯಲ್ಲಿ ಹೆಚ್ಚುಕಡಿಮೆ ಇಮ್ಮಡಿ, ಅಂದರೆ ಅರವತ್ತು ಕಿಲೋ ಬೇಕು. ಸವಾರನ ಪೂರ್ತಿ ತೂಕವೇ ಅಷ್ಟು! ಆದ್ದರಿಂದಲೇ ಮಕ್ಕಳು ಏರಿನಲ್ಲಿ ಸೀಟು ಬಿಟ್ಟು ಎದ್ದು ನಿಲ್ಲುವುದು, ಹ್ಯಾಂಡಲ್ ಜಗ್ಗುತ್ತ ಅತ್ತಿತ್ತ ವಾಲುವುದು. ಮೈಯ ಭಾರವನ್ನೆಲ್ಲ ಒಂದೊಂದೇ ಮೊಣಕಾಲಿನ ಮೇಲೆ ಸುರಿಯದೆ ಆ ಗೇರಿನಲ್ಲಿ ಆ ದಿಬ್ಬ ಹತ್ತಲಾಗುವುದಿಲ್ಲ. ನಲವತ್ತು ದಾಟಿದ ಮೊಣಕಾಲು ಇದನ್ನು ದಿನಾ ಒಪ್ಪುವುದಿಲ್ಲ.

ಗೇರು ಇಲ್ಲಿ ಮಾಡುವ ಉಪಕಾರ ಇಷ್ಟೇ. ಬಾವಿಯಿಂದ ದೊಡ್ಡ ಕೊಡಪಾನವನ್ನು ಒಂದೇ ಸಲ ಸೇದುವ ಬದಲು ಸಣ್ಣ ಕೊಡದಲ್ಲಿ ಎರಡು ಸಲ ಸೇದಿದಂತೆ. ನೀರು ಅಷ್ಟೇ, ಬಾವಿಯ ಆಳವೂ ಅಷ್ಟೇ, ಒಟ್ಟು ಶ್ರಮದಲ್ಲಿ ಉಳಿತಾಯವೇನೂ ಇಲ್ಲ. ಆದರೆ ರಟ್ಟೆ ಹಿಡಿಯುವಷ್ಟು ಭಾರ ಮಾತ್ರ ಒಂದು ಸಲಕ್ಕೆ ಬರುತ್ತದೆ. ಒಂದು ತುಳಿತಕ್ಕೆ ಐದೂವರೆ ಮೀಟರ್ ಬದಲು ಎರಡೂಮುಕ್ಕಾಲು ಮೀಟರ್ ಹೋಗುವ ಹಾಗೆ ಹಲ್ಲು ಜೋಡಿಸಿದರೆ ಪೆಡಲಿನ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಸೀಟಿನ ಮೇಲೆ ಕುಳಿತೇ, ಉಸಿರು ಕಟ್ಟದೆ, ಪಕ್ಕದವರ ಜೊತೆ ಮಾತಾಡುತ್ತ ಹತ್ತಬಹುದು. ವೇಗ ಗಂಟೆಗೆ ಆರೋ ಏಳೋ ಕಿಲೋಮೀಟರ್ ಇರಬಹುದು. ಇರಲಿ. ನಡೆಯುವವನಿಗಿಂತ ಮುಂದೆ, ತಳ್ಳಿಕೊಂಡು ಹೋಗುವವನಿಗಿಂತ ಎಷ್ಟೋ ಮುಂದೆ.

ಇಷ್ಟು ಸರಳ ಉಪಕಾರವನ್ನು ಜಗತ್ತು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ ಎಂಬುದು ಸೈಕಲ್ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು 1903ರಲ್ಲಿ ಆರಂಭಿಸಿದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜ್, ಗೇರು ಬದಲಿಸುವುದೆಲ್ಲ ನಲವತ್ತೈದು ದಾಟಿದವರಿಗೆ ಎಂಬ ಅರ್ಥದಲ್ಲಿ ಬರೆದಿದ್ದ. ಸ್ನಾಯುಬಲದಿಂದ ಗೆಲ್ಲುವುದೇ ಗೆಲುವು ಎಂಬುದು ಅವನ ಪಟ್ಟು. ಅವನ ಸ್ಪರ್ಧೆಯಲ್ಲಿ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಆಲ್ಪ್ಸ್ ಪರ್ವತದ ಬುಡದಲ್ಲಿ ಸವಾರರು ಇಳಿದು, ಹಿಂಗಾಲಿ ಬಿಚ್ಚಿ, ಇನ್ನೊಂದು ಬದಿಯಲ್ಲಿದ್ದ ದೊಡ್ಡ ಹಲ್ಲುಚಕ್ರದ ಕಡೆಗೆ ತಿರುಗಿಸಿ ಹಾಕಿಕೊಳ್ಳುತ್ತಿದ್ದರು.

ಅದೇ ಕಾಲದಲ್ಲಿ, ಅದೇ ಫ್ರಾನ್ಸಿನ ಸಾಂತ್ ಎತಿಯೆನ್ ಪಟ್ಟಣದಲ್ಲಿ ಪೋಲ್ ದ ವಿವಿ ಎಂಬ ಇನ್ನೊಬ್ಬನಿದ್ದ. 1853ರಲ್ಲಿ ಹುಟ್ಟಿ 1930ರವರೆಗೆ ಬಾಳಿದ ಈತ ‘ವೆಲೋಸಿಯೋ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ‘ಲ ಸಿಕ್ಲಿಸ್ತ್’ ಎಂಬ ಪತ್ರಿಕೆ ನಡೆಸುತ್ತಿದ್ದ. ಊರಿನ ಪಕ್ಕದಲ್ಲೇ ಕೋಲ್ ದ ಲಾ ರೆಪುಬ್ಲಿಕ್ ಎಂಬ ಸಾವಿರ ಮೀಟರಿಗೂ ಎತ್ತರದ ಘಟ್ಟ. ಅದನ್ನು ಹತ್ತುತ್ತ ಇಳಿಯುತ್ತ ಆತ ಒಂದಾದ ಮೇಲೊಂದು ಗೇರಿನ ಏರ್ಪಾಟು ಪರೀಕ್ಷಿಸಿದ. ಸಾಮಾನ್ಯ ಮನುಷ್ಯ ಸಾಮಾನ್ಯ ಶಕ್ತಿಯಲ್ಲಿ ಘಟ್ಟ ದಾಟಬೇಕೆಂದರೆ ಗೇರು ಬೇಕು ಎಂದು ಜೀವನವಿಡೀ ವಾದಿಸಿದ. ಸವಾರರಿಗೆ ಆತ ಹಾಕಿಕೊಟ್ಟ ನಿಯಮಗಳಲ್ಲಿ ಒಂದು, ದೊಡ್ಡಸ್ತಿಕೆಗಾಗಿ ತುಳಿಯಬೇಡಿ ಎಂಬುದು. ದೆಗ್ರಾಂಜ್ ನೋಡಿದ್ದು ಗೆಲ್ಲುವವನೊಬ್ಬನನ್ನು, ವೆಲೋಸಿಯೋ ನೋಡಿದ್ದು ಹತ್ತಬೇಕಾದ ಎಲ್ಲರನ್ನೂ. ದಿನಬಳಕೆಯ ಸೈಕಲ್ಲಿನ ಮಟ್ಟಿಗೆ ನಾನು ಪೂರ್ತಿಯಾಗಿ ವೆಲೋಸಿಯೋ ಪಕ್ಷ.

ಆ ವಾದದಲ್ಲಿ ಗೇರು ಗೆದ್ದಿತು, ಆದರೆ ಗೆದ್ದ ಮೇಲೆ ಅದರ ದಿಕ್ಕು ತಪ್ಪಿತು. ಬೇಕಾದ ಗೇರು ಯಾವುದು ಎಂಬ ಪ್ರಶ್ನೆ ಹೋಗಿ ಎಷ್ಟು ಗೇರು ಎಂಬುದೊಂದೇ ಉಳಿಯಿತು. ಇಪ್ಪತ್ತೊಂದು ಗೇರಿನ ಸೈಕಲ್ಲನ್ನೇ ತೆಗೆದುಕೊಳ್ಳಿ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ ಇಪ್ಪತ್ತೊಂದು. ಮುಂದಿನವು 28, 38, 48 ಹಲ್ಲಿನವು, ಹಿಂದಿನವು 14ರಿಂದ 28 ಹಲ್ಲಿನವರೆಗೆ ಇದ್ದಾವೆ ಎಂದು ಹಿಡಿಯಿರಿ. ಬಹಳ ಸೈಕಲ್ಲುಗಳಲ್ಲಿ ಹೀಗೇ ಇರುತ್ತದೆ. ಮುಂದೆ 48, ಹಿಂದೆ 24 ಹಾಕಿದರೆ ಬರುವುದು ಎರಡು. ಮುಂದೆ 28, ಹಿಂದೆ 14 ಹಾಕಿದರೂ ಬರುವುದು ಅದೇ ಎರಡು. ಎರಡು ಹೆಸರು, ಗೇರು ಒಂದೇ. ಹೀಗೆ ಇಪ್ಪತ್ತೊಂದನ್ನೂ ಕಾಗದದ ಮೇಲೆ ಭಾಗಿಸಿ, ಒಂದೇ ಅಥವಾ ಕಾಲಿಗೆ ವ್ಯತ್ಯಾಸ ತಿಳಿಯದಷ್ಟು ಹತ್ತಿರದ ಉತ್ತರಗಳನ್ನು ಸೇರಿಸಿದರೆ ಉಳಿಯುವುದು ಹದಿಮೂರು. ಅದರಲ್ಲೂ ಮುಂದಿನ ದೊಡ್ಡದರಿಂದ ಹಿಂದಿನ ದೊಡ್ಡದಕ್ಕೆ, ಮುಂದಿನ ಸಣ್ಣದರಿಂದ ಹಿಂದಿನ ಸಣ್ಣದಕ್ಕೆ ಚೈನು ಓರೆಯಾಗಿ ಎಳೆಯುವುದರಿಂದ ಅವನ್ನು ಬಳಸಬಾರದು. ಇನ್ನು ಪೇಟೆಯಲ್ಲಿ ಓಡಾಡುವವರು ನಡುವಿನ ಚಕ್ರ ಬಿಟ್ಟು ಕದಲುವುದೇ ಅಪರೂಪ. ಎಡಗೈಯ ಲಿವರ್ ತಿಂಗಳುಗಟ್ಟಲೆ ಮುಟ್ಟದೆ ಉಪ್ಪುಗಾಳಿಗೆ ಬಿಗಿದುಕೊಂಡ ಎಷ್ಟೋ ಸೈಕಲ್ಲುಗಳನ್ನು ನಮ್ಮೂರಲ್ಲಿ ಕಂಡಿದ್ದೇನೆ.

ಬಳಸದ ಗೇರು ಸುಮ್ಮನೆ ಕೂತಿರುವುದಿಲ್ಲ, ತನ್ನ ಖರ್ಚು ಕೇಳುತ್ತದೆ. ಹಿಂದೆ ಹಲ್ಲುಚಕ್ರಗಳು ಹೆಚ್ಚಾದಷ್ಟೂ ಅವುಗಳ ನಡುವೆ ತೂರಲು ಚೈನು ತೆಳ್ಳಗಾಗಬೇಕು. ಏಳು ಗೇರಿನ ಚೈನಿನ ಅಗಲ ಏಳು ಮಿಲಿಮೀಟರಿಗೂ ಹೆಚ್ಚು, ಹನ್ನೆರಡು ಗೇರಿನದು ಐದು ಮಿಲಿಮೀಟರ್ ಚಿಲ್ಲರೆ. ತೆಳ್ಳಗಾದಷ್ಟೂ ಬೆಲೆ ಹೆಚ್ಚು, ಊರಿನ ಅಂಗಡಿಯಲ್ಲಿ ಸಿಗುವ ಸಂಭವ ಕಡಿಮೆ. ಹಲ್ಲುಚಕ್ರಗಳ ಗೊಂಚಲಿಗೆ ಜಾಗ ಮಾಡಿಕೊಡಲು ಹಿಂಗಾಲಿಯ ಬಲಬದಿಯ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಬೇಕಾಗುತ್ತದೆ. ಭಾರ ಹೊರುವ ಸೈಕಲ್ಲಿನಲ್ಲಿ ಮೊದಲು ಮುರಿಯುವುದು ಆ ಬದಿಯ ಕಡ್ಡಿಗಳೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಂಪು ಕೆಸರು ಎರಚುವ ರಸ್ತೆಯಲ್ಲಿ, ತೆರೆದಿಟ್ಟ ಚೈನು, ಸ್ಪ್ರಿಂಗು, ಕೇಬಲ್ಲು ಎಲ್ಲವನ್ನೂ ದಿನಾ ಒರೆಸಿ ಎಣ್ಣೆ ಹಾಕುವ ವ್ಯವಧಾನ ಕೆಲಸಕ್ಕೆ ಹೋಗುವವರಿಗೆ ಎಲ್ಲಿದೆ?

ನಮ್ಮ ಬೀದಿಯ ಸೈಕಲ್ ರಿಪೇರಿಯವರು ಒಂದು ಸಂಜೆ ಗೇರಿನ ಕೇಬಲ್ ಬದಲಿಸುತ್ತ ಹೇಳಿದ ಮಾತು ನನಗೆ ಬಹಳ ಹಿಡಿಸಿತು. ‘ಗೇರು ಎಷ್ಟು ಉಂಟು ಅಂತ ಎಲ್ಲರೂ ಕೇಳ್ತಾರೆ ಮಾರಾಯ್ರೆ. ಸಣ್ಣ ಗೇರು ಎಷ್ಟು ಸಣ್ಣದು ಅಂತ ಒಬ್ಬರೂ ಕೇಳುದಿಲ್ಲ. ಇಂದ್ರಾಳಿ ಹತ್ತುವಾಗ ಬೇಕಾಗುದು ಅದೊಂದೇ ಅಲ್ವಾ?’

ಈ ಇಡೀ ವಿಷಯದ ತಿರುಳು ಅವರ ಮಾತಿನಲ್ಲೇ ಇದೆ. ಗೇರುಗಳ ಸಂಖ್ಯೆ ಎಷ್ಟಾದರೂ ಇರಲಿ, ನೋಡಬೇಕಾದ್ದು ಎರಡು ತುದಿಗಳನ್ನು. ಅತಿ ಸಣ್ಣ ಗೇರಿನಲ್ಲಿ ಒಂದು ತುಳಿತಕ್ಕೆ ಎಷ್ಟು ಮೀಟರ್, ಅತಿ ದೊಡ್ಡದರಲ್ಲಿ ಎಷ್ಟು? ದೊಡ್ಡ ತುದಿಯ ಚಿಂತೆ ನನಗೆ ಕಡಿಮೆ. ಇಳಿಜಾರಿನಲ್ಲಿ ತುಳಿಯದಿದ್ದರೂ ಸೈಕಲ್ ಓಡುತ್ತದೆ, ಪೇಟೆಯ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರಿನ ಮೇಲೆ ಹೋಗುವ ಅಗತ್ಯವೂ ಇಲ್ಲ, ಅದು ಕ್ಷೇಮವೂ ಅಲ್ಲ. ಆರು ಮೀಟರ್ ಇದ್ದರೆ ಸಾಕೋ ಸಾಕು. ಸಣ್ಣ ತುದಿಯಲ್ಲಿ ಮಾತ್ರ ಜಿಪುಣತನ ಕೂಡದು. ಅಲ್ಲಿ ಸೋತರೆ ಸೈಕಲ್ಲಿನಿಂದ ಇಳಿಯಬೇಕು. ನಾಲ್ಕು ದಿನ ಇಳಿದವರು ಐದನೆಯ ದಿನ ಸೈಕಲ್ ತೆಗೆಯುವುದನ್ನೇ ಬಿಡುತ್ತಾರೆ.

ಹಾಗಾದರೆ ನಡುವೆ ಎಷ್ಟು ಮೆಟ್ಟಿಲು ಬೇಕು? ಏರಿಳಿತ ಅಷ್ಟೇನೂ ಕಡಿದಲ್ಲದ ಊರುಗಳಿಗೆ ಇದರ ಉತ್ತರ ನೂರಿಪ್ಪತ್ತು ವರ್ಷದ ಹಿಂದೆಯೇ ಸಿಕ್ಕಿತ್ತು ಎಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ರ‍್ಯಾಲಿ ಕಂಪನಿಯ ಒಡೆಯ ಫ್ರಾಂಕ್ ಬೌಡನ್ನನ ಬೆಂಬಲದಲ್ಲಿ, 1902ರ ಸುಮಾರಿಗೆ ಸ್ಟರ್ಮಿ ಆರ್ಚರ್ ಎಂಬ ಮೂರು ಗೇರಿನ ಹಬ್, ಅಂದರೆ ಗೇರನ್ನು ತನ್ನೊಳಗೇ ಅಡಗಿಸಿಕೊಂಡ ಹಿಂಗಾಲಿಯ ನಡುಭಾಗ, ಹುಟ್ಟಿತು. 1930ರ ದಶಕದಲ್ಲಿ ಬಂದ ಅದರ ‘ಎಡಬ್ಲ್ಯು’ ಮಾದರಿ ಲೋಕಪ್ರಸಿದ್ಧವಾಯಿತು. 2000ದಲ್ಲಿ ನಾಟಿಂಗ್‌ಹ್ಯಾಮ್‌ನ ತಯಾರಿಕೆ ನಿಂತು ಕಂಪನಿ ತೈವಾನಿನವರ ಕೈಗೆ ಹೋದರೂ ಮೂರು ಗೇರಿನ ಹಬ್ ಬದುಕಿ ಉಳಿಯಿತು. ಅದರ ಹೊಟ್ಟೆಯೊಳಗಿನ ಏರ್ಪಾಟು ನೋಡಿದರೆ ಮನಸ್ಸು ತುಂಬಿ ಬರುತ್ತದೆ. ನಟ್ಟನಡುವೆ ತಿರುಗದೆ ನಿಂತ 20 ಹಲ್ಲಿನ ಒಂದು ಚಕ್ರ, ಹೊರಸುತ್ತಿಗೆ ಒಳಮುಖವಾಗಿ 60 ಹಲ್ಲಿರುವ ಒಂದು ಬಳೆ, ಇವೆರಡರ ನಡುವೆ ಸುತ್ತುವ ನಾಲ್ಕು ಪುಟ್ಟ ಚಕ್ರಗಳು. ಚೈನಿನ ಶಕ್ತಿ ಹೊರಬಳೆಯಿಂದ ಒಳಕ್ಕೆ ಬಂದರೆ ಗಾಲಿ ಮುಕ್ಕಾಲು ವೇಗದಲ್ಲಿ ತಿರುಗುತ್ತದೆ. ಒಳಗಿನ ಪುಟ್ಟ ಚಕ್ರಗಳಿಂದ ಹೊರಬಳೆಗೆ ಹೋದರೆ ಒಂದೂ ಮೂರನೇ ಒಂದರಷ್ಟು ವೇಗದಲ್ಲಿ ತಿರುಗುತ್ತದೆ. ನಡುವಿನ ಗೇರಿನಲ್ಲಿ ಯಾವ ಹಲ್ಲಿನ ಮಧ್ಯಸ್ಥಿಕೆಯೂ ಇಲ್ಲದೆ ನೇರ ಓಟ. ಇಷ್ಟೆಲ್ಲ ಒಂದು ಮುಷ್ಟಿಯಷ್ಟು ಜಾಗದಲ್ಲಿ, ಎಣ್ಣೆಯಲ್ಲಿ ನೆನೆದುಕೊಂಡು, ಮಳೆಗೂ ಮರಳಿಗೂ ಸಿಗದೆ ನಡೆಯುತ್ತದೆ.

ಮುಂದೆ 44, ಹಿಂದೆ 22 ಹಲ್ಲು ಹಾಕಿ ಈ ಹಬ್ ಕೂರಿಸಿದರೆ ನಡುವಿನ ಗೇರು ನಾಲ್ಕೂವರೆ ಮೀಟರಿನದು, ದೊಡ್ಡದು ಆರು ಮೀಟರಿನದು, ಸಣ್ಣದು ಮೂರೂ ಕಾಲಿಗೆ ಮೇಲೆ ಮೂರೂವರೆಗೆ ಒಳಗೆ. ನೂರಕ್ಕೆ ಆರು ಮೀಟರ್ ಏರುವ ನಮ್ಮ ದಿಬ್ಬದಲ್ಲಿ ಪೆಡಲಿನ ಸರಾಸರಿ ಒತ್ತಡ ಮೂವತ್ತರಿಂದ ಹದಿನೆಂಟು ಕಿಲೋಗೆ ಇಳಿಯುತ್ತದೆ. ಇದರ ಇನ್ನೊಂದು ಗುಣ, ಸೈಕಲ್ ನಿಂತಿರುವಾಗಲೂ ಗೇರು ಬದಲಾಗುವುದು. ಡಿರೈಲರ್ ಇರುವ ಸೈಕಲ್ಲಿನಲ್ಲಿ ತುಳಿಯುತ್ತಲೇ ಬದಲಿಸಬೇಕು. ಕಲ್ಸಂಕದ ವೃತ್ತದಲ್ಲಿ ಎದುರಿನಿಂದ ಬಸ್ಸು ನುಗ್ಗಿದಾಗ ದೊಡ್ಡ ಗೇರಿನಲ್ಲೇ ಗಕ್ಕನೆ ನಿಂತವರಿಗೆ ಮತ್ತೆ ಹೊರಡುವ ಕಷ್ಟ ಗೊತ್ತಿರುತ್ತದೆ. ಹಬ್ ಗೇರಿನವರು ನಿಂತಲ್ಲೇ ಸಣ್ಣದಕ್ಕೆ ಎಳೆದು ಹಗುರಾಗಿ ಹೊರಡುತ್ತಾರೆ.

ಚೈನು ಅತ್ತಿತ್ತ ಸರಿಯದ ಕಾರಣ ಅದನ್ನು ಪೂರ್ತಿ ಮುಚ್ಚುವ ಡಬ್ಬಿ ಹಾಕಬಹುದು ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಲಾಭವಾಗಿ ಕಾಣುತ್ತದೆ. ಸೀರೆಯ ನೆರಿಗೆ, ಪಂಚೆಯ ಅಂಚು, ಚೂಡಿದಾರದ ಕಾಲು, ಶಾಲೆಯ ಸಮವಸ್ತ್ರ ಯಾವುದೂ ಚೈನಿಗೆ ಸಿಕ್ಕಿಕೊಳ್ಳುವುದಿಲ್ಲ, ಎಣ್ಣೆಯ ಕಲೆ ಹತ್ತುವುದಿಲ್ಲ. ಸೈಕಲ್ ತುಳಿಯಲು ಬೇರೆ ಬಟ್ಟೆ ಹಾಕಬೇಕಾಗಿ ಬಂದರೆ ಅದು ದಿನಬಳಕೆಯ ಸೈಕಲ್ ಆಗುವುದಿಲ್ಲ. ಉಟ್ಟ ಬಟ್ಟೆಯಲ್ಲೇ ಹತ್ತಿ, ಅದೇ ಬಟ್ಟೆಯಲ್ಲಿ ಆಫೀಸಿನ ಕುರ್ಚಿಯಲ್ಲೋ ಮದುವೆಯ ಊಟದ ಪಂಕ್ತಿಯಲ್ಲೋ ಕೂರುವಂತಿರಬೇಕು. ಈ ಹಬ್‌ಗಳು ನಮ್ಮ ಮಾರುಕಟ್ಟೆಯಲ್ಲಿ ಅಪರೂಪ ಎಂಬುದು ನನ್ನ ಕೊರಗು. ಇಪ್ಪತ್ತೊಂದು ಗೇರು ಮಾರಲು ಮಾಡುವ ಪ್ರಯತ್ನದಲ್ಲಿ ಅರ್ಧವನ್ನು ಈ ಮೂರರ ಕಡೆಗೆ ಮಾಡಿದ್ದರೆ ನಮ್ಮ ಊರುಗಳಲ್ಲಿ ಇನ್ನಷ್ಟು ಜನ ಸೈಕಲ್ ಮೇಲೆ ಇರುತ್ತಿದ್ದರು.

ಮಂಗಳೂರಿನ ಕದ್ರಿ, ಬಾವುಟಗುಡ್ಡೆಯ ಕಡೆಯವರಿಗೆ, ಮಡಿಕೇರಿಯವರಿಗೆ, ದಿನಾ ಮಣಿಪಾಲ ಹತ್ತಿ ಪರ್ಕಳಕ್ಕೆ ಇಳಿದು ಮತ್ತೆ ಹತ್ತುವವರಿಗೆ ಮೂರು ಸಾಲದು. ಅವರಿಗೆ ನನ್ನ ಉತ್ತರ ಏಳು. ಮುಂದೆ ಒಂದೇ ಒಂದು ಹಲ್ಲುಚಕ್ರ, 38 ಹಲ್ಲಿನದು. ಹಿಂದೆ ಏಳು, ಅದರಲ್ಲಿ ಸಣ್ಣದು 14, ದೊಡ್ಡದು 34. ಸಾಮಾನ್ಯ 26 ಇಂಚಿನ ಗಾಲಿಗೆ ಇದು ಒಂದು ತುದಿಯಲ್ಲಿ ಎರಡೂಕಾಲು ಮೀಟರ್, ಇನ್ನೊಂದು ತುದಿಯಲ್ಲಿ ಐದೂವರೆ ಮೀಟರ್ ಕೊಡುತ್ತದೆ. ಅಂದರೆ ಸಮತಟ್ಟಿನಲ್ಲಿ ಹಳೆಯ ಕಪ್ಪು ಸೈಕಲ್ಲಿನ ಗೇರು, ಏರಿನಲ್ಲಿ ಅದರ ಅರ್ಧಕ್ಕಿಂತಲೂ ಸಣ್ಣದು. ಬಲಗೈಯ ಲಿವರ್ ಒಂದೇ ಸಾಕು, ಚೈನು ಎಲ್ಲ ಊರಲ್ಲೂ ಸಿಗುವಂಥದ್ದು, ಬಿಡಿಭಾಗ ಅಗ್ಗ. ಇದಕ್ಕಿಂತ ಹೆಚ್ಚಿನದು ಸ್ಪರ್ಧೆಗೆ, ದೂರಪ್ರಯಾಣಕ್ಕೆ, ಹವ್ಯಾಸಕ್ಕೆ ಬೇಕಾಗಬಹುದು. ಹಾಲು ತರಲು, ಮಗುವನ್ನು ಬಾಲವಾಡಿಗೆ ಬಿಡಲು, ಬ್ಯಾಂಕಿಗೆ ಹೋಗಲು ಬೇಡ.

ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಧ್ಯಾಹ್ನದ ಮೇಲೆ ಉಡುಪಿಯಿಂದ ಮಲ್ಪೆಯತ್ತ ಹೊರಟರೆ ಕಡಲಗಾಳಿ ಎದೆಗೆ ಒತ್ತುತ್ತದೆ. ಏರಿಲ್ಲದ ರಸ್ತೆಯಲ್ಲೂ ಏರು ಹತ್ತಿದ ಆಯಾಸ. ನೆದರ್‌ಲ್ಯಾಂಡಿನಲ್ಲಿ ಗುಡ್ಡ ಅಪರೂಪ, ಗಾಳಿ ಇದೆ. ಅಲ್ಲಿ ಜೀಲಂಡ್ ಪ್ರಾಂತ್ಯದ ಸಮುದ್ರ ತಡೆಗೋಡೆಯ ಮೇಲೆ, ಬಿರುಗಾಳಿ ಬೀಸುವ ದಿನವನ್ನೇ ಕಾದು, ಒಂದೇ ಗೇರಿನ ಸಾದಾ ಸೈಕಲ್ಲಿನಲ್ಲಿ ಎಂಟೂವರೆ ಕಿಲೋಮೀಟರ್ ಎದುರುಗಾಳಿಗೆ ತುಳಿಯುವ ಸ್ಪರ್ಧೆ ನಡೆಸುತ್ತಾರೆ. ಒಂದು ಗೇರಿನಿಂದ ಗಾಳಿಯನ್ನು ಗೆಲ್ಲಬಹುದು, ಆದರೆ ಅದು ಸ್ಪರ್ಧೆಯಾಗುವಷ್ಟು ಕಷ್ಟ ಎಂಬುದಕ್ಕೆ ಅದೇ ಸಾಕ್ಷಿ. ಗಾಳಿಗೆ ಒಂದು ಸಣ್ಣ ಗೇರು ಕೈಯಲ್ಲಿದ್ದರೆ ಮಲ್ಪೆಯ ಸಂಜೆ ಸುಖವಾಗುತ್ತದೆ. ಗೇರು ಸರಿಯಾಗಿ ಕೂತಾಗ ಕಾಲಿಗೆ ಆಗುವ ಆನಂದವನ್ನು ಅನುಭವಿಸಿದವರೇ ಬಲ್ಲರು. ರಸ್ತೆ ಏರಲಿ ಇಳಿಯಲಿ, ಗಾಳಿ ಎದುರಾಗಲಿ ಬೆನ್ನಿಗಿರಲಿ, ಪಾದಗಳು ಮಾತ್ರ ಒಂದೇ ಲಯದಲ್ಲಿ ಸುತ್ತುತ್ತವೆ, ಉಸಿರು ಅದೇ ಲಯಕ್ಕೆ ಹೊಂದಿಕೊಳ್ಳುತ್ತದೆ, ಮನಸ್ಸು ಸೈಕಲ್ಲನ್ನು ಮರೆತು ಸುತ್ತಲಿನದನ್ನು ನೋಡತೊಡಗುತ್ತದೆ.

ಈ ಆನಂದ ಗಟ್ಟಿ ಕಾಲಿನ ಹುಡುಗರ ಸೊತ್ತಾಗಿ ಉಳಿಯಬಾರದು ಎಂಬುದಕ್ಕಾಗಿಯೇ ನಾನು ಇಷ್ಟು ಹೇಳುತ್ತಿರುವುದು. ಊರಿನ ಏರಿನಲ್ಲಿ ಯಾರು ಸೈಕಲ್ ಮೇಲೆ ಕಾಣುತ್ತಾರೆ, ಯಾರು ಕಾಣುವುದಿಲ್ಲ ಎಂದು ಒಮ್ಮೆ ಗಮನಿಸಿ. ಅರವತ್ತು ದಾಟಿದವರು ಕಾಣುವುದಿಲ್ಲ. ಮಗುವನ್ನು ಹಿಂದೆ ಕೂರಿಸಿಕೊಂಡ ತಾಯಂದಿರು ಕಾಣುವುದಿಲ್ಲ. ಗ್ಯಾಸ್ ಸಿಲಿಂಡರ್, ಹಿಂಡಿಯ ಮೂಟೆ ಹೇರಿದವರು ಕಾಣುವುದು ಸೈಕಲ್ಲಿನ ಪಕ್ಕದಲ್ಲಿ. ಇವರಿಗೆಲ್ಲ ಸೈಕಲ್ ಕಷ್ಟ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಕಷ್ಟವಾಗಿದ್ದದ್ದು 44ಕ್ಕೆ 18ರ ಲೆಕ್ಕ. ಫ್ರೀವ್ಹೀಲಿನಲ್ಲಿ ನಾಲ್ಕೇ ಹಲ್ಲು ಹೆಚ್ಚಿಸಿ 22 ಮಾಡಿದರೆ ಒತ್ತಡ ಐದರಲ್ಲಿ ಸುಮಾರು ಒಂದು ಪಾಲು ಕಡಿಮೆಯಾಗುತ್ತದೆ. ಇದಕ್ಕೆ ಹೊಸ ಸೈಕಲ್ ಬೇಡ, ಗೇರೂ ಬೇಡ. ಕೆಲವು ನೂರು ರೂಪಾಯಿಯೊಳಗೆ, ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಚೈನಿಗೆ ಎರಡು ಕೊಂಡಿ ಸೇರಿಸಬೇಕಾಗಬಹುದು, ಅಷ್ಟೇ. ಸಮತಟ್ಟಿನಲ್ಲಿ ವೇಗ ಸ್ವಲ್ಪ ತಗ್ಗುತ್ತದೆ, ನಿಜ. ಏರಿನಲ್ಲಿ ಇಳಿದು ತಳ್ಳುವುದು ತಪ್ಪಿದರೆ ಆ ಹೊತ್ತು ವಾಪಸು ಬರುತ್ತದೆ.

ಹಾಗಾಗಿ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ನೀವು ದಿನಾ ಹೋಗುವ ದಾರಿಯಲ್ಲಿ ಅತ್ಯಂತ ಕಡಿದಾದ ಏರು ಯಾವುದೆಂದು ಗೊತ್ತುಮಾಡಿಕೊಳ್ಳಿ. ನೀವು ಹೊರುವ ಅತಿ ಹೆಚ್ಚಿನ ಭಾರವನ್ನು ಕ್ಯಾರಿಯರಿಗೆ ಕಟ್ಟಿ. ಮನೆಯಲ್ಲಿ ಆ ಸೈಕಲ್ ಬಳಸುವವರಲ್ಲಿ ಕಡಿಮೆ ಬಲದವರು ಯಾರೋ ಅವರನ್ನು ಹತ್ತಿಸಿ. ಅವರು ಸೀಟಿನಿಂದ ಏಳದೆ, ಮಾತು ನಿಲ್ಲಿಸದೆ ಆ ಏರು ಹತ್ತಿದರೆ ಗೇರು ಸಾಕಷ್ಟಿದೆ. ಅದು ಒಂದೇ ಇದ್ದರೂ ಸಾಕು. ಹತ್ತಲಾಗದಿದ್ದರೆ ಗೇರು ಸಾಲದು, ಇಪ್ಪತ್ತೊಂದಿದ್ದರೂ ಸಾಲದು.

ಈ ಮಾತನ್ನು ನಮ್ಮ ಸರ್ಕಾರಕ್ಕೂ ಹೇಳಬೇಕೆನಿಸುತ್ತದೆ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಹೈಸ್ಕೂಲು ದೂರವಿದ್ದ ಹಳ್ಳಿಗಳ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅದು ಮಾಡಿದ ಉಪಕಾರ ದೊಡ್ಡದು. ಕೊರೊನಾ ಬಂದ ಮೇಲೆ ವಿತರಣೆ ನಿಂತಿತು. ಆ ಸೈಕಲ್ಲುಗಳು ಗೇರಿಲ್ಲದವು. ಮಾನ್ವಿಯ ಬಯಲಿಗೂ ತೀರ್ಥಹಳ್ಳಿಯ ಗುಡ್ಡಕ್ಕೂ ಒಂದೇ ಬಗೆ. ಇಂಥ ಯೋಜನೆ ಮುಂದೆ ಎಂದು ಬಂದರೂ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ: ಬಯಲುಸೀಮೆಯ ಜಿಲ್ಲೆಗಳಿಗೆ ಹಿಂದಿನ ಹಲ್ಲು 18, ಮಲೆನಾಡು ಮತ್ತು ಕರಾವಳಿಗೆ 22. ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪುಸ್ತಕದ ಚೀಲ ಹೊತ್ತು ಗುಡ್ಡ ಹತ್ತುವ ಹದಿಮೂರು ವರ್ಷದ ಹುಡುಗಿಗೆ ಆ ನಾಲ್ಕು ಹಲ್ಲಿನ ವ್ಯತ್ಯಾಸ ಪ್ರತಿ ಬೆಳಿಗ್ಗೆ ಕಾಲಿಗೆ ತಿಳಿಯುತ್ತದೆ.